ನಾಚಿಕೆಗೆ ಎಷ್ಟು ಮಾರ್ಕ್ಸು?

ನಮಗೆ ನಾಚಿಕೆ ಇದೆ ಅಂತ ಸರ್ಕಾರದ ಮುಂದೆ ಸಾಬೀತು ಮಾಡಬೇಕಾದವರು ಈ ದೇಶದಲ್ಲಿ ಒಂದೇ ಒಂದು ಗುಂಪಿನವರು. ರಾಜಕಾರಣಿಗಳು ಅಂದುಕೊಂಡಿರಾ? ಅವರಿಗೆ ಆ ಕಷ್ಟ ಇಲ್ಲ. ನಮ್ಮನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ಕೈಮುಗಿದು ನಿಂತ ಬುಡಕಟ್ಟಿನವರಿಗೆ ಇದೆ.

1965ರಲ್ಲಿ ಕೇಂದ್ರ ಸರ್ಕಾರದ ಲೋಕೂರ್ ಸಮಿತಿ ಅಂತ ಒಂದಿತ್ತು. ಒಂದು ಸಮುದಾಯ ಬುಡಕಟ್ಟು ಹೌದೋ ಅಲ್ಲವೋ ಅಂತ ನೋಡುವುದಕ್ಕೆ ಅದು ಐದು ಗುರುತು ಹೇಳಿತು. ಆದಿಮ ಲಕ್ಷಣ ಇರಬೇಕು. ಬೇರೆಯದೇ ಸಂಸ್ಕೃತಿ ಇರಬೇಕು. ಊರು ನಾಡಿನಿಂದ ದೂರ ಇರಬೇಕು. ಹೊರಗಿನವರ ಜೊತೆ ಬೆರೆಯೋಕೆ ಸಂಕೋಚ ಪಡಬೇಕು. ಹಿಂದುಳಿದಿರಬೇಕು. ಆ ವರ್ಷ ಹುಟ್ಟಿದವರು ಕೆಲಸಕ್ಕೆ ಸೇರಿ, ಬಡ್ತಿ ಪಡೆದು, ನಿವೃತ್ತಿಯಾಗಿ ಪಿಂಚಣಿ ಎಣಿಸುತ್ತಿದ್ದಾರೆ. ಆ ಅಳತೆಗೋಲು ಮಾತ್ರ ಇನ್ನೂ ಸರ್ವೀಸಿನಲ್ಲಿದೆ.

ನಮ್ಮ ತುಮಕೂರು ಜಿಲ್ಲೆಯಲ್ಲಿ ಈ ಕೋಲಿನ ಕೆಳಗೆ ನಿಂತಿರುವವರು ದನ, ಕುರಿ ಸಾಕುವ ಕಾಡುಗೊಲ್ಲರು. ಶಿರಾ, ಪಾವಗಡ, ಮಧುಗಿರಿ, ಗುಬ್ಬಿ ಕಡೆ ಹೋದರೆ ದಾರಿಯುದ್ದಕ್ಕೂ ಗೊಲ್ಲರಹಟ್ಟಿ ಅನ್ನೋ ಬೋರ್ಡು ಸಿಗುತ್ತವೆ. ರಾಜ್ಯದ ಲೆಕ್ಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದು. ಅವರ ಲೆಕ್ಕದಲ್ಲಿ ಬುಡಕಟ್ಟು. ರಾಜ್ಯ ಸರ್ಕಾರವೂ ಹೌದಪ್ಪ, ಇವರು ಬುಡಕಟ್ಟೇ ಅಂತ ದೆಹಲಿಗೆ ಶಿಫಾರಸು ಕಳಿಸಿ ವರ್ಷಗಳಾದವು. ದೆಹಲಿಯಲ್ಲಿ ಫೈಲು ಜನಗಣತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಹತ್ತಿರ ಹೋಗಬೇಕು, ಅವರು ಒಪ್ಪಿದರೆ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ, ಆಮೇಲೆ ಸಂಪುಟಕ್ಕೆ, ಆಮೇಲೆ ಸಂಸತ್ತಿಗೆ. ಕುರಿ ಹೊಡೆದುಕೊಂಡು ಹೋದರೂ ಇಷ್ಟು ಹೊತ್ತಿಗೆ ದೆಹಲಿ ಮುಟ್ಟಿ ವಾಪಸ್ ಬರಬಹುದಿತ್ತು.

ಸುಮ್ನೆ ಕಲ್ಪಿಸಿಕೊಳ್ಳಿ. ಹಟ್ಟಿಗೆ ಪರಿಶೀಲನೆಗೆ ಅಂತ ಒಬ್ಬ ಸಾಹೇಬರು ಬರುತ್ತಾರೆ. ಮೊದಲ ಕಾಲಂ, ದೂರ. ಹಟ್ಟಿಯಿಂದ ಹೆದ್ದಾರಿ ಕಾಣಿಸುತ್ತಿದೆ. ಪುಣೆ ಲಾರಿಯ ಹಾರ್ನ್ ಕೇಳಿಸುತ್ತಿದೆ. ಸಾಹೇಬರು ತಲೆ ಅಲ್ಲಾಡಿಸುತ್ತಾರೆ. "ಪ್ರತ್ಯೇಕವಾಗಿಲ್ಲವಲ್ರೀ." ಹಟ್ಟಿ ಅಲ್ಲೇ ಇತ್ತು ಸ್ವಾಮಿ, ಹೆದ್ದಾರಿಯೇ ಬಂದು ಪಕ್ಕ ಮಲಗಿದ್ದು ಅಂದರೆ ಅದನ್ನು ಬರೆದುಕೊಳ್ಳೋಕೆ ಕಾಲಂ ಇಲ್ಲ. ಪಾವಗಡದ ತಿರುಮಣಿ ಕಡೆ ಹೋದರೆ ಇನ್ನೂ ಕಷ್ಟ. ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹಬ್ಬಿದೆ, 2,050 ಮೆಗಾವಾಟ್. ಇಷ್ಟು ಬೆಳಕಿರುವ ಕಡೆ ಯಾರನ್ನಾದರೂ ಹಿಂದುಳಿದವರು ಅಂತ ಬರೆಯೋಕೆ ಸಾಹೇಬರ ಪೆನ್ನು ಏಳುತ್ತದೆಯೇ?

ಎರಡನೆಯದು ಆದಿಮ ಲಕ್ಷಣ. ಫೋಟೋ ಬೇಕು. ಯಜಮಾನರು ಕಂಬಳಿ ಹೊದ್ದು ಕೋಲು ಹಿಡಿದು ನಿಲ್ಲುತ್ತಾರೆ. ಜೇಬಿನಲ್ಲಿದ್ದ ಮೊಬೈಲು ರಿಂಗ್ ಆಗುತ್ತದೆ. "ಅಯ್ಯೋ, ಅದನ್ನು ಆಚೆ ಇಡ್ರೀ, ಫ್ರೇಮಿಗೆ ಬಂತು!" ಹಿಂದೆ ನಿಂತ ಬೈಕನ್ನು ತಳ್ಳಿ ಗೋಡೆಯ ಮರೆಗೆ ನಿಲ್ಲಿಸಿದ್ದಾಯ್ತು. ಡಿಗ್ರಿ ಓದುತ್ತಿರುವ ಮೊಮ್ಮಗಳಿಗೆ ಸ್ವಲ್ಪ ಹೊತ್ತು ಮನೆಯೊಳಗೆ ಇರಮ್ಮ ಅಂದಿದ್ದಾಯ್ತು. ಅವಳನ್ನು ಓದಿಸೋಕೆ ಮನೆಯವರು ಎಷ್ಟು ಕುರಿ ಮಾರಿದರೋ. ಈ ಫೋಟೋದಲ್ಲಿ ಮಾತ್ರ ಅವಳೇ ಅಡ್ಡಿ.

ಮೂರನೆಯದು ಸಂಕೋಚ. ಸಾಹೇಬರು ಕೇಳುತ್ತಾರೆ, "ನಿಮಗೆ ಹೊರಗಿನವರ ಜೊತೆ ಮಾತಾಡೋಕೆ ಸಂಕೋಚವೇ?" ಹೌದು ಅಂದರೆ ಮಾತಾಡಿದ ಹಾಗಾಯ್ತು. ಇಲ್ಲ ಅಂದರೆ ಕೈಯಾರೆ ಮಾರ್ಕ್ಸು ಕಳೆದುಕೊಂಡ ಹಾಗಾಯ್ತು. ಸುಮ್ಮನಿದ್ದರೆ "ಅರ್ಜಿದಾರರು ಮಾಹಿತಿ ನೀಡಲು ಸಹಕರಿಸಿಲ್ಲ" ಅಂತ ಷರಾ. ನಿಜ ಹೇಳಬೇಕೆಂದರೆ ಈ ಕಾಲಂಗೆ ಪೂರ್ತಿ ಅಂಕ ತೆಗೆದುಕೊಳ್ಳೋ ಯೋಗ್ಯತೆ ನಮ್ಮ ಕಚೇರಿಗಳಿಗೇ ಇದೆ. ಜನರನ್ನು ಕಂಡರೆ ಅವರಿಗಿರುವಷ್ಟು ಸಂಕೋಚ ಯಾವ ಕಾಡಿನಲ್ಲೂ ಸಿಗಲ್ಲ. ಬೆಳಿಗ್ಗೆ ಹೋದರೆ ಮೀಟಿಂಗು, ಮಧ್ಯಾಹ್ನ ಹೋದರೆ ಫೀಲ್ಡು, ಸಂಜೆ ಹೋದರೆ ಸರ್ವರ್ ಡೌನು.

ಸಂಸ್ಕೃತಿಯ ಕಾಲಂನಲ್ಲಿ ಹಟ್ಟಿಯವರಿಗೆ ಸ್ವಲ್ಪ ಧೈರ್ಯ. ಏಕೆಂದರೆ ಅವರ ಹತ್ತಿರ ಅವರ ದೈವ ಜುಂಜಪ್ಪ ಇದ್ದಾನೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ಅವನ ಕಥೆಯನ್ನು ಗಣೆ ಊದಿಕೊಂಡು ಹಾಡುತ್ತಾರೆ. ಉದ್ದನೆಯ ಬಿದಿರಿನ ಗಣೆ. ಊದುವುದು, ನಿಲ್ಲಿಸುವುದು, ಹಾಡುವುದು, ಮತ್ತೆ ಊದುವುದು. ರಾತ್ರಿ ಶುರುವಾದರೆ ಬೆಳಗಾದರೂ ಕಥೆ ಮುಗಿಯಲ್ಲ. ದನ ಕಾಯುವ ಹುಡುಗ, ಹೊಟ್ಟೆಕಿಚ್ಚಿನ ಮಾವಂದಿರು, ಅವರು ಹಾಕಿದ ವಿಷ, ಯಾವ ಕುಲ ಎಲ್ಲಿಂದ ಬಂತು, ಯಾವ ದೇವರು ಯಾವ ಗುಡಿಕಟ್ಟಿಗೆ ಸೇರಿದ್ದು, ಎಲ್ಲಾ ಅದರಲ್ಲೇ ಇದೆ. ಒಂದು ಸಮುದಾಯ ತಾನು ಯಾರು ಅಂತ ಹೇಳಿಕೊಳ್ಳೋಕೆ ಇದಕ್ಕಿಂತ ಜಾಸ್ತಿ ಏನು ಬೇಕು?

ದಾಖಲೆ ಬೇಕು.

ಅಜ್ಜ ಹಾಡಿದರೆ ಅದು ದಾಖಲೆ ಅಲ್ಲ. ಅದೇ ಅಜ್ಜನ ಮುಂದೆ ಯಾರಾದರೂ ರೆಕಾರ್ಡರ್ ಹಿಡಿದು ಕೂತು, ಅವನು ಹಾಡಿದ್ದನ್ನು ಬರೆದುಕೊಂಡು, ಪುಟಸಂಖ್ಯೆ ಹಾಕಿ, ರಟ್ಟು ಹೊಡೆಸಿ, ವಿಶ್ವವಿದ್ಯಾಲಯದ ಸೀಲು ಒತ್ತಿದರೆ ಅದರ ಹೆಸರು ಕುಲಶಾಸ್ತ್ರೀಯ ಅಧ್ಯಯನ. ಆ ಅಧ್ಯಯನ ಬುಡಕಟ್ಟಿಗೆ ಸಾಕ್ಷಿ. ಅಜ್ಜ ಯಾವುದಕ್ಕೂ ಸಾಕ್ಷಿ ಅಲ್ಲ. ನಾಳೆ ಅಜ್ಜನೇ ಅರ್ಜಿ ಹಿಡಿದು ಹೋದರೆ, ಆ ವರದಿಯ ಜೆರಾಕ್ಸ್ ತನ್ನಿ ಅಂತ ಅವನಿಗೇ ಹೇಳುತ್ತಾರೆ. ಇಷ್ಟಾದರೂ ಅಜ್ಜ ಒಂದು ಕೆಲಸಕ್ಕೆ ಬೇಕೇ ಬೇಕು. ತುಮಕೂರಿನಲ್ಲಿ ಯಾವುದಾದರೂ ಉತ್ಸವ ಆದರೆ ಮೆರವಣಿಗೆ ಮುಂದೆ ಗಣೆ ಹಿಡಿದು ನಡೆಯೋಕೆ. ರಾತ್ರಿಯಿಡೀ ಹಾಡುವ ಕಥೆಗೆ ವೇದಿಕೆ ಮೇಲೆ ಮೂರು ನಿಮಿಷ ಕೊಡುತ್ತಾರೆ. ಗಣ್ಯರು ಬರುವುದು ತಡವಾದರೆ ಐದು.

ಈಗ ನಗು ಬಾರದ ಭಾಗಕ್ಕೆ ಬರುತ್ತೇನೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆಗಾಳಿಗೆ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಶೀತ ಹೆಚ್ಚಾಗಿ ಸತ್ತಿತು. ಆಗ ಹಟ್ಟಿಗೆ ಅಧಿಕಾರಿಗಳು ಬಂದರು, ಕ್ಯಾಮೆರಾಗಳು ಬಂದವು. ಇನ್ನೂ ಯಾವ ಕಾಲದಲ್ಲಿದ್ದೀರಿ ಅಂತ ಬೈದರು. ಬೈಯಬೇಕಾದ್ದೇ. ಮುಟ್ಟಾದವರನ್ನು, ಗರ್ಭಿಣಿಯರನ್ನು ಹೀಗೆ ಬಲವಂತವಾಗಿ ಹೊರಗೆ ಇಡುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ನನಗೂ ಅದರಲ್ಲಿ ಎರಡು ಮಾತಿಲ್ಲ. ಮಗು ತಾಯಿ ಮಗ್ಗುಲಲ್ಲಿ, ಮನೆಯೊಳಗೆ, ಬೆಚ್ಚಗೆ ಇರಬೇಕು.

ಆದರೆ ಫೈಲಿನ ಕಡೆಯಿಂದ ನೋಡಿ. ಅದೇ ಗುಡಿಸಲು ಬೆಂಗಳೂರಿನ ಕಾಯ್ದೆಯಲ್ಲಿ ಅಪರಾಧ, ದೆಹಲಿಯ ಅಳತೆಗೋಲಿನಲ್ಲಿ ಅರ್ಹತೆ. ಹಟ್ಟಿಯ ಹೆಣ್ಣುಮಕ್ಕಳು ಜಗಳ ಮಾಡಿ ಆ ಗುಡಿಸಲನ್ನು ಕಿತ್ತುಹಾಕಿದರೆ ಆದಿಮ ಲಕ್ಷಣದಲ್ಲಿ ಒಂದು ಕಡಿಮೆ. ಕೀಳದೆ ಬಿಟ್ಟರೆ ಪೊಲೀಸ್ ಕೇಸು. ಆರೋಗ್ಯ ಇಲಾಖೆಯ ಪೋಸ್ಟರು "ಬದಲಾಗಿ" ಅನ್ನುತ್ತದೆ. ಪಟ್ಟಿಯ ಷರತ್ತು "ಬದಲಾಗಬೇಡಿ, ಇನ್ನೂ ಪರಿಶೀಲನೆ ನಡೆಯುತ್ತಿದೆ" ಅನ್ನುತ್ತದೆ. ಆಶಾ ಕಾರ್ಯಕರ್ತೆ ಪಾಪ ಯಾರ ಮಾತು ಕೇಳಬೇಕು?

ಹಾಗಂತ ಹಟ್ಟಿಯವರೆಲ್ಲ ಹಾಲಿನಲ್ಲಿ ತೊಳೆದವರು ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಚಿತ್ರದುರ್ಗದ ಸಂಸದರು ಹೋದಾಗ ದಲಿತರೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಇಡೀ ದೇಶದ ಪೇಪರಿನಲ್ಲಿ ಬಂತು. ಅದನ್ನೂ ಹೊರಗಿನವರನ್ನು ಕಂಡರೆ ಸಂಕೋಚ ಅಂತ ಬರೆಸಿಕೊಂಡು ಅಂಕ ಕೊಡುತ್ತಾರೇನೋ! ಅಸ್ಪೃಶ್ಯತೆಗೂ ನಾಚಿಕೆಗೂ ವ್ಯತ್ಯಾಸ ಕಾಣದ ಅಳತೆಗೋಲಿಗೆ ಅದೇನೂ ಕಷ್ಟ ಅಲ್ಲ.

ಇನ್ನು ಹಕ್ಕಿಪಿಕ್ಕಿಗಳ ವಿಷಯ. ಅವರು ಆಗಲೇ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಅವರ ಗಿಡಮೂಲಿಕೆ ವ್ಯಾಪಾರ ಆಫ್ರಿಕಾವರೆಗೂ ಹೋಗಿದೆ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಅವರ ಆದಿವಾಸಿ ಹೇರ್ ಆಯಿಲ್ ಬಾಟಲಿ ಹಿಡಿದು ಸಿನಿಮಾದವರು, ಯೂಟ್ಯೂಬಿನವರು ರೀಲ್ಸ್ ಮಾಡಿದ್ದನ್ನು ನೀವೂ ನೋಡಿರುತ್ತೀರಿ. ಪರದೇಶದ ಬೀದಿಯಲ್ಲಿ ನಿಂತು ಗೊತ್ತಿಲ್ಲದ ಭಾಷೆಯವರಿಗೆ ಔಷಧಿ ಮಾರುವ ಜನಕ್ಕೆ ಸಂಕೋಚ ಅನ್ನೋ ಷರತ್ತು ಎಲ್ಲಿ ಅಂಟುತ್ತದೆ ಹೇಳಿ? ಆದರೂ ಅವರು ಬುಡಕಟ್ಟೇ. ಬುಡಕಟ್ಟಾಗೋಕೂ ಮಾತು ಬಾರದಿರೋಕೂ ಸಂಬಂಧ ಇಲ್ಲ ಅನ್ನೋದು ಪಟ್ಟಿಯೊಳಗಿನವರನ್ನು ನೋಡಿದರೇ ಗೊತ್ತಾಗುತ್ತದೆ. ಪರೀಕ್ಷೆ ಇರುವುದು ಹೊರಗೆ ಸಾಲಿನಲ್ಲಿ ನಿಂತವರಿಗೆ ಮಾತ್ರ.

ಬೆಟ್ಟಕುರುಬರದು ಇನ್ನೊಂದು ಕಥೆ. ಅವರು ಬೆಟ್ಟದ ಕಾಡಿನಲ್ಲಿ ಯಾವ ಕಾಲದಿಂದಲೋ ಇದ್ದರು. ಪಟ್ಟಿಯಲ್ಲಿ ಕಾಡುಕುರುಬ ಅಂತ ಮಾತ್ರ ಇತ್ತು. ಬೆಟ್ಟಕುರುಬರೂ ಕಾಡುಕುರುಬರೇ ಅಂತ ಸಂಸತ್ತು ಮಸೂದೆ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಅಷ್ಟು ದಿನ ಅವರ ಮಕ್ಕಳು ಸರ್ಟಿಫಿಕೇಟಿಗೆ ಅಲೆದಿದ್ದೇ ಅಲೆದಿದ್ದು.

ವಿಶ್ವಸಂಸ್ಥೆಯಲ್ಲಿ ನಮ್ಮವರು ಬಹಳ ಉದಾರಿಗಳು, ಅದನ್ನು ಮರೆಯಬಾರದು. 2007ರ ಸೆಪ್ಟೆಂಬರಿನಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಬಂದಾಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಿರುದ್ಧ ಮತ ಹಾಕಿದವು. ಭಾರತ ಪರವಾಗಿ ಕೈ ಎತ್ತಿತು. ತಾವು ಯಾರು ಅನ್ನುವುದನ್ನು ತಮ್ಮ ಪದ್ಧತಿಯಂತೆ ತಾವೇ ತೀರ್ಮಾನಿಸುವ ಹಕ್ಕು ಮೂಲನಿವಾಸಿಗಳಿಗೆ ಇದೆ ಅಂತ ಆ ಘೋಷಣೆಯಲ್ಲೇ ಇದೆ. ಚಪ್ಪಾಳೆ. ಆಮೇಲೆ ನಮ್ಮ ಸರ್ಕಾರ ಹೇಳುವುದೇನು? ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ. ಒಳ್ಳೆಯದಾಯ್ತು ಬಿಡಿ. ಹಾಗಿದ್ದರೆ ಒಮ್ಮೆ ಎಲ್ಲರಿಗೂ ಆ ಐದು ಕಾಲಂ ಫಾರಂ ಹಂಚಿ, ಆದಿಮ ಲಕ್ಷಣದ ಫೋಟೋ ಸಮೇತ ತುಂಬಿಸಿಕೊಳ್ಳಲಿ.

ಹಟ್ಟಿಯನ್ನು ಯಾರೂ ಕೇಳುವುದಿಲ್ಲ ಅಂದರೆ ತಪ್ಪಾಗುತ್ತದೆ. ಕೇಳುತ್ತಾರೆ. 2020ರ ನವೆಂಬರಿನಲ್ಲಿ ಶಿರಾ ಉಪಚುನಾವಣೆ ಇತ್ತು. ಅದಕ್ಕೆ ಸ್ವಲ್ಪ ಮುಂಚೆ ಕಾಡುಗೊಲ್ಲರ ಅಭಿವೃದ್ಧಿ ನಿಗಮ ಅಂತ ಘೋಷಣೆ ಬಂತು. ಮತದಾನ ಹತ್ತಿರ ಬಂದರೆ ಯಾವ ಹಟ್ಟಿಯೂ ದೂರ ಅನ್ನಿಸಲ್ಲ ನೋಡಿ. ಆಗ ಸಂಕೋಚ ಅನ್ನೋದು ಎರಡೂ ಕಡೆ ಇರಲ್ಲ. ನಾಯಕರು ಕಂಬಳಿ ಹೊದೆಯುತ್ತಾರೆ, ಕೈಗೆ ಕೋಲು ತಗೊಳ್ಳುತ್ತಾರೆ, ಕುರಿಮರಿಯನ್ನು ಎತ್ತಿಕೊಂಡು ಫೋಟೋಗೆ ನಿಲ್ಲುತ್ತಾರೆ. ಆದಿಮ ಲಕ್ಷಣದ ಕಾಲಂ ಅವರೇ ತುಂಬಿಕೊಡುತ್ತಾರೆ.

ಈಗ ಹಟ್ಟಿಯವರ ಮುಂದೆ ಇರುವ ಪ್ರಶ್ನೆ, ಫೈಲು ಕೇಳೋಕೆ ದೆಹಲಿಗೆ ನಿಯೋಗ ಹೋಗಬೇಕು ಅಂದರೆ ಯಾರನ್ನು ಕಳಿಸುವುದು? ಹಿಂದಿ, ಇಂಗ್ಲಿಷ್ ಬಲ್ಲ ಹುಡುಗ ಹೋದರೆ ಹಿಂದುಳಿದವನ ಹಾಗೆ ಕಾಣಲ್ಲ. ವಿಮಾನದಲ್ಲಿ ಹೋದರೆ ಕಥೆ ಅಲ್ಲಿಗೇ ಮುಗಿಯಿತು. ಕಂಬಳಿ ಹೊದ್ದ ಯಜಮಾನರು ಹೋದರೆ ಲಕ್ಷಣ ಸರಿಯಾಗಿರುತ್ತದೆ, ಆದರೆ ಪಾಸ್ ಇಲ್ಲ ಅಂತ ಗೇಟಿನಲ್ಲೇ ನಿಲ್ಲಿಸುತ್ತಾರೆ. ಮೊಮ್ಮಗಳು ಹೋದರೆ ಎಲ್ಲರಿಗಿಂತ ಚೆನ್ನಾಗಿ ವಾದ ಮಾಡುತ್ತಾಳೆ, ಅದೇ ಅವಳ ವಿರುದ್ಧದ ಸಾಕ್ಷಿ. ಯಾರೂ ಹೋಗದೆ ಹಟ್ಟಿಯಲ್ಲೇ ಕೂತರೆ ಸಂಕೋಚಕ್ಕೆ ನೂರಕ್ಕೆ ನೂರು. ಆದರೆ ಆ ಅಂಕ ಪಡೆದುಕೊಳ್ಳೋಕೆ ಒಬ್ಬರು ಖುದ್ದಾಗಿ ಬಂದು ಸಹಿ ಹಾಕಬೇಕಾಗುತ್ತದೆ.