ನೋಹನ ನಾವೆಗೆ ಮಳೆಯ ಕಾಟ

ಅಮೆರಿಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್‌ನಲ್ಲಿ ಒಂದು ನೋಹನ ನಾವೆ ಇದೆ. ಬೈಬಲ್ ಕಥೆಯ ಮಹಾಮಳೆ, ಪ್ರಳಯದಲ್ಲಿ ನೋಹ ಪ್ರಾಣಿಗಳನ್ನು ಹತ್ತಿಸಿಕೊಂಡು ಉಳಿಸಿದ ಹಡಗಿನ ಮಾದರಿ ಅದು, ಟಿಕೆಟ್ ಕೊಟ್ಟು ನೋಡಬೇಕು. 2019ರಲ್ಲಿ ಅದರ ಮಾಲೀಕರು ಕೋರ್ಟ್ ಮೆಟ್ಟಿಲು ಹತ್ತಿದರು. ದೂರು ಏನಪ್ಪಾ ಅಂದರೆ, ಜೋರು ಮಳೆಯಿಂದ ನಷ್ಟವಾಗಿದೆ, ವಿಮಾ ಕಂಪನಿಗಳು ಪೂರ್ತಿ ದುಡ್ಡು ಕೊಡುತ್ತಿಲ್ಲ!

ನಗಬೇಡಿ. ನಾವೆಗೆ ಏನೂ ಆಗಿಲ್ಲ, ಅಲ್ಲಿಗೆ ಹೋಗುವ ರಸ್ತೆ ಪಕ್ಕದ ಮಣ್ಣು ಕುಸಿದಿತ್ತು ಅಷ್ಟೆ. ನೋಹನಿಗೆ ರಸ್ತೆಯ ಚಿಂತೆ ಇರಲಿಲ್ಲ. ಅವನ ಪ್ರಯಾಣಿಕರು ಟಿಕೆಟ್ ತಗೊಂಡು ಬಸ್ಸಲ್ಲಿ ಬಂದವರಲ್ಲ.

ಇದನ್ನು ಕಟ್ಟಿಸಿದ್ದು ಕೆನ್ ಹ್ಯಾಮ್ ಅವರ 'ಆನ್ಸರ್ಸ್ ಇನ್ ಜೆನೆಸಿಸ್' ಸಂಸ್ಥೆ. 2016ರಲ್ಲಿ ಬಾಗಿಲು ತೆರೆಯಿತು. ನಾವೆಯ ಉದ್ದ ಬೈಬಲ್ 300 ಮೊಳ ಅನ್ನುತ್ತದೆ, ಇಲ್ಲಿ 510 ಅಡಿ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಇರೋದೆಲ್ಲ ಅಕ್ಷರಶಃ ನಿಜ ಅನ್ನೋರು ಇವರು. ಭೂಮಿಗೆ ಸುಮಾರು 6,000 ವರ್ಷವಂತೆ. ಹಾಗಾದರೆ ಡೈನೋಸಾರ್? ಅವೂ ನಾವೆ ಹತ್ತಿದ್ದವಂತೆ, ಒಳಗೆ ಮರದ ಪಂಜರಗಳಲ್ಲಿ ಕೂತಿವೆ. ಅಷ್ಟು ದೊಡ್ಡ ಪ್ರಾಣಿಗೆ ಜಾಗ ಎಲ್ಲಿ ಅಂತ ಕೇಳಿದರೆ ಉತ್ತರ ರೆಡಿ: ಮರಿಗಳನ್ನು ಹತ್ತಿಸಿಕೊಂಡಿರಬಹುದು. ಹಾಫ್ ಟಿಕೆಟ್ ಲೆಕ್ಕ.

ಹೊರಗಿನ ಬಫೆ ಹೋಟೆಲ್‌ಗೆ ನೋಹನ ಹೆಂಡತಿ ಎಮ್ಜಾರಾಳ ಹೆಸರು. ಬೈಬಲ್‌ನಲ್ಲಿ ಹುಡುಕಿದರೆ ಆಯಮ್ಮನ ಹೆಸರೇ ಇಲ್ಲ. ಊಟದ ವಿಷಯದಲ್ಲಿ ಸ್ವಲ್ಪ ಸಡಿಲ ಬಿಟ್ಟಿರಬೇಕು.

ಇಲ್ಲಿ ಕೆಲಸ ಬೇಕಾದರೆ, ಆದಿಕಾಂಡ ಅಕ್ಷರಶಃ ನಿಜ ಅನ್ನೋ ಸಂಸ್ಥೆಯ ನಂಬಿಕೆಯ ಪತ್ರಕ್ಕೆ ಸಹಿ ಹಾಕಬೇಕು. ಬ್ರಹ್ಮಾಂಡ ಹಿಗ್ಗುತ್ತಿದೆ, ಅದಕ್ಕೊಂದು ಆರಂಭ ಇತ್ತು ಅಂತ ಮೊದಲು ಲೆಕ್ಕ ಹಾಕಿದವರಲ್ಲಿ ಒಬ್ಬ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಲಮೇತ್ರ್. ಪಾಪ, ಆ ಪಾದ್ರಿ ಬಂದು ಕೇಳಿದ್ದರೂ ಇಲ್ಲಿ ಟಿಕೆಟ್ ಹರಿಯೋ ಕೆಲಸ ಕೂಡ ಸಿಗ್ತಿರಲಿಲ್ಲ.

ನಂಬಿಕೆ ಎಷ್ಟೇ ಗಟ್ಟಿ ಇರಲಿ, ಲೆಕ್ಕಪತ್ರ ಅದಕ್ಕಿಂತ ಗಟ್ಟಿ. 2017ರಲ್ಲಿ ಊರಿನವರು ಪೊಲೀಸ್, ಅಗ್ನಿಶಾಮಕ ಖರ್ಚಿಗೆ ಅಂತ ಟಿಕೆಟ್‌ಗೆ 50 ಸೆಂಟ್ ಕೇಳಿದರು. ನಾವೆಯ ಕಂಪನಿ ತನ್ನ ಕೋಟಿಗಟ್ಟಲೆ ಡಾಲರ್ ಬೆಲೆಯ ಜಾಗವನ್ನು ತನ್ನದೇ ಧಾರ್ಮಿಕ ಸಂಸ್ಥೆಗೆ 10 ಡಾಲರಿಗೆ ಮಾರಿತು. ಹೌದು, ಹತ್ತೇ ಡಾಲರ್. ನಾವೆ ತೆರೆದಾಗ ಅಲ್ಲಿ ಒಂದು ಕಾರು ನಿಲ್ಲಿಸೋಕೂ ಅಷ್ಟೇ ಕೇಳುತ್ತಿದ್ದರು. ಸಂಸ್ಥೆ ಲಾಭಕ್ಕಲ್ಲ, ಹಾಗಾಗಿ ತೆರಿಗೆ ಕೇಳಬೇಡಿ ಅನ್ನೋ ವಾದ. ಆದರೆ 1.8 ಕೋಟಿ ಡಾಲರ್‌ವರೆಗೆ ತೆರಿಗೆ ವಾಪಸ್ ಕೊಡ್ತೀವಿ ಅಂದಿದ್ದ ರಾಜ್ಯ ಸರ್ಕಾರ ಕೈ ತಡೆಯಿತು: ನಾವು ಮಾತು ಕೊಟ್ಟಿದ್ದು ಲಾಭದ ಕಂಪನಿಗೆ, ನಿಮಗಲ್ಲ. ತಕ್ಷಣ ಜಾಗ ಮತ್ತೆ 10 ಡಾಲರಿಗೆ ವಾಪಸ್! ಯಾವ ಪವಾಡವೂ ಇಷ್ಟು ಬೇಗ ನಡೆದಿಲ್ಲ.

ವಿಜ್ಞಾನದ ಕಡೆಯವರ ಕಥೆ ಇನ್ನೂ ಚಂದ. ಟಿವಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿ ಹೆಸರಾದ ಬಿಲ್ ನೈ 2014ರ ಫೆಬ್ರವರಿಯಲ್ಲಿ ಸೃಷ್ಟಿಯ ಬಗ್ಗೆ ಹ್ಯಾಮ್ ಜತೆ ಚರ್ಚೆಗೆ ಕೂತರು. ಅದೂ ಹ್ಯಾಮ್ ಅವರದೇ ಮ್ಯೂಸಿಯಂನಲ್ಲಿ. ನಿಮ್ಮ ಮನಸ್ಸು ಬದಲಾಗಲು ಏನು ಬೇಕು ಅಂತ ಪ್ರಶ್ನೆ ಬಂತು. ಸಾಕ್ಷಿ ಸಾಕು ಅಂದರು ನೈ. ಯಾವುದೂ ಬದಲಿಸಲ್ಲ ಅನ್ನೋ ಅರ್ಥದಲ್ಲಿ ಹ್ಯಾಮ್ ಉತ್ತರಿಸಿದರು. ನೈ ಗೆದ್ದರು ಅಂತ ಅವರ ಕಡೆಯವರು ಚಪ್ಪಾಳೆ ತಟ್ಟಿದರು. ಅದೇ ತಿಂಗಳ ಕೊನೆಗೆ ಹ್ಯಾಮ್ ಖುಷಿಯಿಂದ ಹೇಳಿಕೊಂಡರು: ಚರ್ಚೆಯ ಪ್ರಚಾರದಿಂದ ನಾವೆಗೆ ಬೇಕಾದ ಬಾಂಡ್ (ಸಾಲಪತ್ರ) ಹಣ ಕೂಡಿಬಂತು, ಇನ್ನು ಕಟ್ಟೋದೇ. ಅದನ್ನು ಕೇಳಿ ನೈ ಬಹಳ ನೊಂದುಕೊಂಡರಂತೆ. 2016ರ ಜುಲೈಯಲ್ಲಿ ಬಾಗಿಲು ತೆರೆದ ಮರುದಿನವೇ ಅವರೂ ನಾವೆ ನೋಡೋಕೆ ಬಂದರು.