ಯಾವ ದಿಕ್ಕು ಅಂತ ಯಾರೂ ಕೇಳಲಿಲ್ಲ

ನಿನ್ನೆ ಬೆಳಗ್ಗೆ 10.15. ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಬಿಸಿಲು ಚೆನ್ನಾಗಿ ಏರಿತ್ತು. ಕುಂದಾದ್ರಿ ಗುಡ್ಡದ ಮೇಲ್ಗಡೆ ಹಸಿರು ಬೆರೆತ ಬೆಳ್ಳನೆ ಬೆಂಕಿ, ಬಲದಿಂದ ಎಡಕ್ಕೆ ಜಾರಿತು. ಕೊನೆಗೆ ಎರಡು ಹೋಳಾಗಿ ಆರಿತು. ಮೂರು ಸೆಕೆಂಡು ಇರಬಹುದು, ಅಷ್ಟೇ. ಹಿಂದೆ ಹೊಗೆಯ ತೆಳು ಗೆರೆ ಉಳಿಯಿತು. ನನ್ನ ಕೈ ನಡುಗುತ್ತಿತ್ತು.

ಇಪ್ಪತ್ತು ವರ್ಷ ಮಕ್ಕಳಿಗೆ ಉಲ್ಕೆ ಪಾಠ ಮಾಡಿದವಳು ನಾನು. ಹಗಲಲ್ಲಿ ನೋಡಿದ್ದು ಇದೇ ಮೊದಲು. ಶುಕ್ರನಿಗಿಂತ ಜಾಸ್ತಿ ಹೊಳೆಯುವ ಉಲ್ಕೆಗೆ ಅಗ್ನಿಗೋಳ ಅಂತಾರೆ. ಇಂಥ ಬಿಸಿಲಲ್ಲೂ ಕಣ್ಣು ಕುಕ್ಕಬೇಕಾದರೆ ಅದು ಇನ್ನೆಷ್ಟು ಉರಿದಿರಬೇಕು, ನೀವೇ ಯೋಚಿಸಿ.

ಮೊಮ್ಮಗಳು ಕಿಟಕಿಗೆ ಓಡಿದಳು. ಗದರಿಸಿ ಈಚೆ ಎಳೆದೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆಯ ಬೆಳಕು ನೋಡಿ ಕಿಟಕಿಗೆ ಬಂದವರಿಗೇ, ಆಮೇಲೆ ಬಂದ ಸದ್ದಿನ ಹೊಡೆತಕ್ಕೆ ಗಾಜು ಒಡೆದು ಬಡಿದಿತ್ತು. ಗಾಯಗೊಂಡವರು ಸುಮಾರು 1,500 ಜನ. ಸದ್ದು ನಿಮಿಷಕ್ಕೆ 20 ಕಿಲೋಮೀಟರ್ ಬರುತ್ತೆ, ಬೆಳಕಿನ ಜೊತೆ ಬರಲ್ಲ. ಮೂರು ನಿಮಿಷ ಎಣಿಸಿದೆ. ಏನೂ ಕೇಳಲಿಲ್ಲ.

ಊರಿನ ಗ್ರೂಪಿಗೆ ಬರೆದೆ. ಬಂದ ಮೊದಲ ಉತ್ತರ: ಫೋಟೋ ಎಲ್ಲಿ? ಎರಡನೆಯದು: ವಿಡಿಯೊ ಇಲ್ಲದೆ ನಂಬಲ್ಲ. ಮೂರು ಸೆಕೆಂಡಲ್ಲಿ ಅಡಿಕೆ ಕೈಯಲ್ಲಿ ಯಾರು ಫೋನ್ ತೆಗೀತಾರೆ? ಸಂಜೆಗೆ ಅದೇ ಗ್ರೂಪಿನಲ್ಲಿ ‘ತೀರ್ಥಹಳ್ಳಿ ಉಲ್ಕೆ’ ಅಂತ ಒಂದು ವಿಡಿಯೊ ಬಂತು. ನೋಡಿದರೆ ಅದೇ ಚೆಲ್ಯಾಬಿನ್ಸ್ಕ್‌ದು! ರಸ್ತೆ ಪಕ್ಕ ಹಿಮ ಬಿದ್ದಿದೆ. ಅದನ್ನು ಎಲ್ಲರೂ ನಂಬಿದರು. ಪಕ್ಕದ ಮನೆಯವಳಾದ ನಾನು ಕಣ್ಣಾರೆ ಕಂಡಿದ್ದನ್ನು ನಂಬಲಿಲ್ಲ. ಇದೇ ನನಗೆ ತಡೆಯಲಾಗದ ಸಿಟ್ಟು.

ಸುಳ್ಳು ಸುದ್ದಿ ಜಾಸ್ತಿ, ಸಾಕ್ಷಿ ಕೇಳೋದು ತಪ್ಪಾ ಅಂತ ಒಬ್ಬರು ಅಂದರು. ಕೇಳಿ, ಖಂಡಿತ ಕೇಳಿ. ಆದರೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ, ಸದ್ದು ಬಂತಾ ಅಂತ ಕೇಳಿ. ಇಲ್ಲಿಂದ ನಾನು, ಹೊಸನಗರದಿಂದ ಇನ್ನೊಬ್ಬರು, ಶೃಂಗೇರಿಯಿಂದ ಮತ್ತೊಬ್ಬರು ತಾವು ಕಂಡ ದಿಕ್ಕು ಹೇಳಿದರೆ ಸಾಕು. ಗೆರೆ ಎಳೆದು ಅದು ಎಲ್ಲಿ ಉರಿಯಿತು ಅಂತ ಅಂದಾಜು ಮಾಡಬಹುದು. ಉಲ್ಕೆಯ ದಾರಿ ಹಿಡಿಯೋದೇ ಹೀಗೆ. ನೋಡಿದವರ ಮಾತಿಗೆ ಅಷ್ಟು ಬೆಲೆ ಇದೆ.

ಇಷ್ಟು ಕೋಪ ಯಾಕೆ ಅಂತ ಹೇಳಿಬಿಡ್ತೀನಿ. ನಾನು ಬಿಎಸ್ಸಿ ಓದುವಾಗ ಅಪ್ಪ ತೋಟದಿಂದ ಓಡಿ ಬಂದಿದ್ದರು. ‘ಹಗಲಲ್ಲೇ ಚುಕ್ಕಿ ಬಿತ್ತು ಕಣೇ’ ಅಂದರು. ‘ವಿಮಾನ ಇರಬೇಕಪ್ಪ’ ಅಂದುಬಿಟ್ಟೆ. ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. ಅಪ್ಪ ಆ ಮಾತು ಮತ್ತೆ ಎತ್ತಲೇ ಇಲ್ಲ. ಈಗ ಅವರಿಲ್ಲ. ಯಾವ ದಿಕ್ಕು ಅಂತ ನಾನೂ ಕೇಳಿರಲಿಲ್ಲ.