ಒಂದಕ್ಷರ ತಪ್ಪಿದ್ದಕ್ಕೆ ಇಷ್ಟು ಬೈಗುಳವಾ?

ಬೆಳಗಿನ ಮೀಟಿಂಗ್ ಮುಗಿದು ಮೂರು ಗಂಟೆ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ. ನನ್ನ ಕೆಲಸ ಸಾಫ್ಟ್‌ವೇರ್, ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತೇ ಇದೆ.

ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿ ಕಳೆದ ವಾರ ಒಂದು ಪ್ಯಾಕೇಜ್ (ಬೇರೆಯವರು ಬರೆದು ಎಲ್ಲರ ಬಳಕೆಗೆ ಇಟ್ಟ ಕೋಡ್‌ನ ಕಟ್ಟು) ಇನ್‌ಸ್ಟಾಲ್ ಮಾಡುವಾಗ ಹೆಸರಲ್ಲಿ ಒಂದಕ್ಷರ ತಪ್ಪಿದಳು. ಆ ತಪ್ಪು ಹೆಸರಿನಲ್ಲಿ ಯಾವನೋ ಮೊದಲೇ ಕಳ್ಳ ಪ್ಯಾಕೇಜ್ ಇಟ್ಟು ಬಲೆ ಹಾಸಿ ಕೂತಿದ್ದ. ಎಂಟರ್ ಒತ್ತಿದ್ದಷ್ಟೇ ಅವಳ ಪಾಪ. ಲ್ಯಾಪ್‌ಟಾಪಿನಲ್ಲಿದ್ದ ಟೋಕನ್, ಪಾಸ್‌ವರ್ಡ್, ಕೀ ಎಲ್ಲ ಹೋಯಿತು ಅಂತಲೇ ಲೆಕ್ಕ ಹಾಕಿ, ಎರಡು ದಿನ ಕೂತು ಒಂದೊಂದನ್ನೇ ಬದಲಾಯಿಸಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಇವತ್ತು ನಮ್ಮ ದೊಡ್ಡವರು ಆ ಸಾಲನ್ನು ಎಲ್ಲರ ಮುಂದೆ ಸ್ಕ್ರೀನ್ ಮೇಲೆ ಹಿಗ್ಗಿಸಿ ತೋರಿಸಿ, 'ಕಣ್ಣು ಬಿಟ್ಟುಕೊಂಡು ಟೈಪ್ ಮಾಡಬೇಕು ಅಲ್ವಾ?' ಅಂದರು. ನಾಲ್ಕು ಜನ ನಕ್ಕರು. ಅವಳ ಕ್ಯಾಮೆರಾ ಆಫ್ ಆಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ಕಣ್ಣು ಬಿಟ್ಟುಕೊಂಡು ಅಂತೆ. ಸರಿ, ಬಿಡೋಣ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರಿಗೆ ಜೆಲ್ಲಿಫಿಶ್ ಅಂತ ಒಂದು ಲೈಬ್ರರಿ (ಅದೂ ಒಂದು ಪ್ಯಾಕೇಜೇ) ಗೊತ್ತಿರುತ್ತದೆ. ಎರಡು ಪದ ಎಷ್ಟರಮಟ್ಟಿಗೆ ಹೋಲುತ್ತವೆ ಅಂತ ಅಳೆಯುವುದೇ ಅದರ ಕೆಲಸ. (ತಮಾಷೆ ನೋಡಿ.) 2018ರ ಡಿಸೆಂಬರ್‌ನಲ್ಲಿ ಯಾರೋ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣವಾದ ಪೈಪಿಐಗೆ ಇನ್ನೊಂದು ಜೆಲ್ಲಿಫಿಶ್ ಏರಿಸಿದರು. ಇಂಗ್ಲಿಷ್ ಹೆಸರಿನ ಮೊದಲ ಸಣ್ಣ ಎಲ್ ಇದ್ದ ಜಾಗದಲ್ಲಿ ದೊಡ್ಡ ಐ. ಎಷ್ಟೋ ಫಾಂಟ್‌ಗಳಲ್ಲಿ ಎರಡೂ ಒಂದೇ ನೆಟ್ಟಗಿನ ಕಡ್ಡಿ. ನಮ್ಮ ಥ ಮತ್ತು ಧ ನಡುವೆ ಹೊಟ್ಟೆಯೊಳಗಿನ ಚುಕ್ಕೆಯ ವ್ಯತ್ಯಾಸವಾದರೂ ಇದೆ, ಅಲ್ಲಿ ಅದೂ ಇಲ್ಲ. ಎಸ್‌ಎಸ್‌ಎಚ್ ಕೀ, ಜಿಪಿಜಿ ಕೀ (ಒಂದು ಸರ್ವರಿನ ಬಾಗಿಲು ತೆಗೆಯಲು, ಇನ್ನೊಂದು ಗುಟ್ಟಿನ ಸಂದೇಶ ಬಿಡಿಸಲು) ಕದಿಯುವ ಆ ಪ್ಯಾಕೇಜ್ ಸುಮಾರು ಒಂದು ವರ್ಷ ಅಲ್ಲೇ ಆರಾಮಾಗಿ ಕೂತಿತ್ತು. ಆಮೇಲೆ ಅದಕ್ಕೆ ಜೊತೆಯಾಗಿ, ದಿನಾಂಕ ಸಂಭಾಳಿಸುವ ಲೈಬ್ರರಿಯೊಂದರ ಹೆಸರಲ್ಲಿ, ನಕಲಿ ಡೇಟ್‌ಯುಟಿಲ್ ಕೂಡ ಬಂದಿತ್ತು. ಅದರೊಳಗೆ ಕೆಟ್ಟ ಕೋಡ್ ಇರಲೇ ಇಲ್ಲ! ಸುಮ್ನೆ ಈ ಕಳ್ಳ ಜೆಲ್ಲಿಫಿಶ್‌ನ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಬರುತ್ತಿತ್ತು. ಇದನ್ನು ಯಾವ ಕಣ್ಣಿನಿಂದ ನೋಡುವುದು ಸ್ವಾಮಿ?

ಇನ್ನೊಂದು ಕಲರಾಮಾ. ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಗೆ, ಬಣ್ಣ ಹಚ್ಚುವ ಲೈಬ್ರರಿ. ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ಸ್ಪೆಲಿಂಗ್, ಕಲರ್‌ಗೆ ಒಂದು ಯು ಜಾಸ್ತಿ. ಆ ಯು ಸೇರಿಸಿ ಬರೆದವರಿಗೆ 2018ರಲ್ಲಿ ಸಿಗುತ್ತಿದ್ದದ್ದು ಬೇರೆಯೇ ಪ್ಯಾಕೇಜ್. ವಿಂಡೋಸ್ ಕ್ಲಿಪ್‌ಬೋರ್ಡ್ ಮೇಲೆ ಕಣ್ಣಿಟ್ಟು, ಯಾರಾದರೂ ಬಿಟ್‌ಕಾಯಿನ್ ವಿಳಾಸ ಕಾಪಿ ಮಾಡಿದರೆ ಅದನ್ನು ತೆಗೆದು ಕಳ್ಳನ ವಿಳಾಸ ಇಡುತ್ತಿತ್ತು. ಅಂದರೆ ಸ್ಪೆಲಿಂಗ್ ಸರಿಯಾಗಿ ಬರೆದವರಿಗೇ ಶಿಕ್ಷೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

'ಆದರೂ ಡೆವಲಪರ್ ಆದವನಿಗೆ ಜವಾಬ್ದಾರಿ ಬೇಡವಾ?' ಅಂತ ಕಾಮೆಂಟ್ ಹಾಕಲು ಈಗಾಗಲೇ ಬೆರಳು ಎತ್ತಿದವರು ಸ್ವಲ್ಪ ತಡೆಯಿರಿ. ಜವಾಬ್ದಾರಿ ಇರಲಿ. 2016ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ತನ್ನ ಪದವಿ ಪ್ರಬಂಧಕ್ಕೆ ಅಂತ ಪೈಪಿಐ, ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ, ರೂಬಿ ಭಾಷೆಯ ರೂಬಿಜೆಮ್ಸ್ ಮೂರೂ ಉಗ್ರಾಣಗಳಲ್ಲಿ ತಪ್ಪು ಸ್ಪೆಲಿಂಗಿನ ಇನ್ನೂರಕ್ಕೂ ಹೆಚ್ಚು ಪ್ಯಾಕೇಜ್ ಇಟ್ಟು ನೋಡಿದ. ಕೆಲವೇ ತಿಂಗಳಲ್ಲಿ 17,000ಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಅವನ ಕೋಡ್ ಓಡಿತ್ತು. ಅದರಲ್ಲಿ ಸುಮಾರು ಅರ್ಧದಷ್ಟು ಕಡೆ ಅಡ್ಮಿನ್ ಅಧಿಕಾರದ ಜೊತೆ. ಅಷ್ಟೂ ಕಂಪ್ಯೂಟರಿನ ಮುಂದೆ ಕೂತವರಿಗೆ ಕಣ್ಣಿರಲಿಲ್ಲವಾ?

ಮತ್ತೆ, ಹೆಸರು ಊಹಿಸುವುದನ್ನು ನಮಗೆ ಕಲಿಸಿದ್ದು ಯಾರು? ಕೋಡ್‌ನಲ್ಲಿ ಸಿವಿ2 ಅಂತ ಇಂಪೋರ್ಟ್ ಮಾಡಬೇಕು, ಇನ್‌ಸ್ಟಾಲ್ ಮಾಡುವಾಗ ಓಪನ್‌ಸಿವಿ-ಪೈಥಾನ್ ಅನ್ನಬೇಕು. ಪಿಐಎಲ್ ಬೇಕಾದರೆ ಪಿಲೋ ಅನ್ನಬೇಕು. ಬಿಎಸ್4 ಅಂದರೆ ಬ್ಯೂಟಿಫುಲ್‌ಸೂಪ್4. ಕರೆಯುವ ಹೆಸರು ಒಂದು, ರೇಷನ್ ಕಾರ್ಡಿನ ಹೆಸರು ಇನ್ನೊಂದು. ಇಂಥ ವ್ಯವಸ್ಥೆಯಲ್ಲಿ ನಾವು ದಿನಾ ಊಹೆಯ ಮೇಲೇ ಬದುಕುತ್ತಿದ್ದೇವೆ. ಊಹೆ ಸರಿಯಾದರೆ ಸೀನಿಯರ್, ತಪ್ಪಿದರೆ ಕಣ್ಣಿಲ್ಲದವಳು.

ಇಲ್ಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷದ ಹಿಂದೆ, ರಾತ್ರಿ ಎರಡರ ಹೊತ್ತಿಗೆ, ಗ್ರಾಹಕರು ಬಳಸುವ ಪ್ರೊಡಕ್ಷನ್ ಸರ್ವರಿನಲ್ಲಿ, ಅದೂ ಎಲ್ಲ ಅಧಿಕಾರ ಇರುವ ರೂಟ್ ಆಗಿ, ಒಂದು ಪ್ಯಾಕೇಜಿನ ಹೆಸರಲ್ಲಿ ಎರಡು ಅಕ್ಷರ ಹಿಂದೆಮುಂದೆ ಹೊಡೆದಿದ್ದೆ. ಕೆಂಪು ಸಾಲು ಬಂತು, ಆ ಹೆಸರಿನ ಪ್ಯಾಕೇಜ್ ಇಲ್ಲ ಅಂತ. 'ಥೂ' ಅಂದು ಸರಿಯಾಗಿ ಹೊಡೆದೆ, ಕೆಲಸ ಮುಗಿಸಿ ಮಲಗಿದೆ. ಆವತ್ತು ಆ ತಪ್ಪು ಹೆಸರನ್ನು ಯಾರೂ ಹಿಡಿದಿರಲಿಲ್ಲ, ಅಷ್ಟೇ. ಅವಳಿಗೂ ನನಗೂ ಇರುವ ವ್ಯತ್ಯಾಸ ಆ ಒಂದು ಕೆಂಪು ಸಾಲು. ಇದನ್ನು ಮೀಟಿಂಗಿನಲ್ಲೇ ಹೇಳಬೇಕಿತ್ತು. ಮೈಕ್ ಆನ್ ಮಾಡಿದೆ. ಮತ್ತೆ ಆಫ್ ಮಾಡಿದೆ. ಮೂರು ಗಂಟೆಯಿಂದ ಇಳಿಯದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇದೆ.

ನನ್ನ ಮುಖ್ಯ ತಕರಾರು ಇದು. ಇನ್‌ಸ್ಟಾಲ್ ಅಂದರೆ ಬರೀ ಫೈಲ್ ಇಳಿಸಿಕೊಳ್ಳುವುದು ಅಂತ ಹೊಸಬರು ಅಂದುಕೊಂಡಿರುತ್ತಾರೆ. ಎನ್‌ಪಿಎಂನಲ್ಲಿ ಪೋಸ್ಟ್‌ಇನ್‌ಸ್ಟಾಲ್ ಅನ್ನುವ, ಇನ್‌ಸ್ಟಾಲ್ ಜೊತೆಗೇ ಕೋಡ್ ತಾನಾಗಿ ಓಡುವ ಬಾಗಿಲಿದೆ, ಪೈಥಾನ್‌ನಲ್ಲಿ ಸೋರ್ಸ್ ಪ್ಯಾಕೇಜ್ ಆದರೆ ಅಂಥದ್ದೇ ಸೆಟಪ್ ಫೈಲ್ ಇದೆ. ನೀವು ಒಂದು ಸಾಲು ಓದುವ ಮೊದಲೇ ಅಪರಿಚಿತನ ಕೋಡ್ ನಿಮ್ಮ ಅಧಿಕಾರದಲ್ಲಿ ಓಡಿ ಮುಗಿದಿರುತ್ತದೆ. 2017ರಲ್ಲಿ ಕ್ರಾಸ್-ಎನ್ವ್ ಅನ್ನುವ ಜನಪ್ರಿಯ ಪ್ಯಾಕೇಜಿನ ಅಡ್ಡಗೆರೆ ಕಿತ್ತು ಒಬ್ಬ ನಕಲಿ ಇಟ್ಟ. ಅದು ಅಸಲಿಯ ಕೆಲಸವನ್ನೂ ನೀಟಾಗಿ ಮಾಡುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮಾಡುತ್ತಲೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್‌ಗಳು) ಹೊರಗೆ ಸಾಗಿಸುತ್ತಿತ್ತು. ನಾವು ಎಲ್ಲ ಗುಟ್ಟನ್ನೂ ತುಂಬಿಡುವುದು ಅದರಲ್ಲೇ ತಾನೇ? ಆಮೇಲೆ ಎನ್‌ಪಿಎಂ ನಿಯಮ ಬದಲಿಸಿತು, ಬರೀ ಅಡ್ಡಗೆರೆ, ಚುಕ್ಕೆಯ ವ್ಯತ್ಯಾಸ ಇರುವ ಹೊಸ ಹೆಸರು ಕೊಡುವುದಿಲ್ಲ ಅಂತ. ನೋಡಿ, ಮನಸ್ಸು ಮಾಡಿದರೆ ಆಗುತ್ತದೆ. ಒಂದು ನಿಯಮದಿಂದ ಆಗಿದ್ದು ಲಕ್ಷ ಜನರಿಗೆ 'ಕಣ್ಣು ಬಿಡಿ' ಅಂದರೆ ಆಗುತ್ತಿತ್ತಾ?

ರಿಜಿಸ್ಟ್ರಿ, ಅಂದರೆ ಈ ಉಗ್ರಾಣಗಳನ್ನು, ನಡೆಸುವವರ ಕಷ್ಟವೂ ಗೊತ್ತು. 2024ರ ಮಾರ್ಚ್‌ನಲ್ಲಿ ನಕಲಿಗಳು ರಾಶಿ ರಾಶಿ ಬಂದು ಬಿದ್ದು, ಪೈಪಿಐ ಕೆಲವು ಗಂಟೆ ಹೊಸ ಖಾತೆ, ಹೊಸ ಪ್ರಾಜೆಕ್ಟ್ ಎರಡನ್ನೂ ನಿಲ್ಲಿಸಬೇಕಾಯಿತು. ಪಾಪ, ಅವರು ಕೆಲವೇ ಜನ. ಆದರೆ ಅವರ ಬೆನ್ನ ಮೇಲೆ ಪುಕ್ಕಟೆ ಕೂತು ದುಡ್ಡು ಮಾಡುವ ಕಂಪನಿಗಳಿಗೆ ಏನಾಗಿದೆ? ನಮ್ಮದೇ ಒಂದು ಮಿರರ್ (ಉಗ್ರಾಣದ ಸ್ವಂತ ಪ್ರತಿ) ಇಟ್ಟು, ಪರೀಕ್ಷಿಸಿದ ಪ್ಯಾಕೇಜ್ ಮಾತ್ರ ಒಳಗೆ ಬಿಡಿ ಅಂತ ಹೋದ ವರ್ಷವೇ ಬರೆದುಕೊಟ್ಟಿದ್ದೆ. ಇನ್‌ಸ್ಟಾಲ್ ಸ್ಕ್ರಿಪ್ಟ್ ಆಫ್ ಮಾಡಿ ಅಂದಿದ್ದೆ. 'ಬಜೆಟ್ ನೋಡೋಣ' ಅಂದರು. ನೋಡುತ್ತಲೇ ಇದ್ದಾರೆ. ಬೈಗುಳಕ್ಕೆ ಬಜೆಟ್ ಬೇಡವಲ್ಲ.

ಇನ್ನು ಎಐ ಬಂದ ಮೇಲೆ ಟೈಪ್ ಮಾಡುವ ಕೈಯೇ ನಮ್ಮದಲ್ಲ. ಅದು ಇಲ್ಲದ ಪ್ಯಾಕೇಜಿನ ಹೆಸರನ್ನು ಎಷ್ಟು ಧೈರ್ಯವಾಗಿ ಹೇಳುತ್ತದೆ ಅಂದರೆ, ಒಂದೊಂದು ಸಲ ನನಗೇ ನಾಚಿಕೆಯಾಗುತ್ತದೆ, ಗೊತ್ತಿಲ್ಲವಲ್ಲ ಅಂತ. ಅದೇ ಸುಳ್ಳು ಹೆಸರು ಪದೇ ಪದೇ ಹೇಳುತ್ತದೆ ಅಂತ ಕಳ್ಳರಿಗೂ ಗೊತ್ತು. ಆ ಹೆಸರನ್ನು ಮೊದಲೇ ಹಿಡಿದಿಟ್ಟುಕೊಂಡರೆ ಆಯಿತು. ಅಲ್ಲಿ ಸ್ಪೆಲಿಂಗ್ ತಪ್ಪೇ ಇರುವುದಿಲ್ಲ. ಆಗ ಯಾರ ಕಣ್ಣಿಗೆ ಬೈಯುತ್ತೀರಿ?

ಇಷ್ಟು ಬರೆಯುವಷ್ಟರಲ್ಲಿ ದೊಡ್ಡವರ ಮೇಲ್ ಬಂತು. ವಿಷಯ: ಪ್ಯಾಕೇಜ್ ಹೆಸರುಗಳನ್ನು ಎಚ್ಚರಿಕೆಯಿಂದ ಟೈಪ್ ಮಾಡುವ ಬಗ್ಗೆ. ಕೆಳಗೆ, ಯಾವ್ಯಾವುದನ್ನು ಬಳಸಬಹುದು ಅಂತ ಒಂದು ಪಟ್ಟಿ. ಅದರಲ್ಲಿ ನಾಲ್ಕನೆಯದು ಕ್ರಾಸ್-ಎನ್ವ್.

ಅಡ್ಡಗೆರೆ ಬಿಟ್ಟುಹೋಗಿದೆ.

ಸ್ಕ್ರೀನ್‌ಶಾಟ್ ತೆಗೆದು ಆ ಹುಡುಗಿಗೆ ಕಳಿಸಿದ್ದೇನೆ. ಇನ್ನೂ ನೋಡಿಲ್ಲ.